ಕಾಲಿನ ‘ನರ’ ಹೃದಯಕ್ಕೆ ಬಂದ ಮೇಲೆ

ಪ್ರಶ್ನೆ: ಎರಡು ವರ್ಷಗಳ ಹಿಂದೆ ನಮ್ಮ ತಂದೆಯವರ ಕಾಲಿನ ನರ ತೆಗೆದು ಹೃದಯಕ್ಕೆ ಬೈಪಾಸ್ ಮಾಡಿದರು. ಹಾಗೆ ಜೋಡಿಸಿದ ನರದಲ್ಲಿ ವಂಶವಾಹಿಗಳು ಬದಲಾಗಿ ಅದು ಮತ್ತೆ ಕಟ್ಟಿಕೊಳ್ಳುತ್ತದೆ ಎಂದು ಓದಿದೆ. ಇದು ನಿಜವೇ? ಮಕ್ಕಳಾದ ನಮಗೂ ಆ ಬದಲಾವಣೆ ಬರುತ್ತದೆಯೇ?
– ಓದುಗರೊಬ್ಬರು, ಗಂಗಾವತಿ, ಕೊಪ್ಪಳ ಜಿಲ್ಲೆ

ಉತ್ತರ: ನಿಮ್ಮ ಆತಂಕವಿರುವುದು ಕೊನೆಯ ಪ್ರಶ್ನೆಯಲ್ಲಿ, ಅದಕ್ಕೆ ಮೊದಲು ಹೇಳುತ್ತೇನೆ, ಬರುವುದಿಲ್ಲ. ಆ ನಾಳದಲ್ಲಿ ಬದಲಾಗುವುದು ವಂಶವಾಹಿಗಳಲ್ಲ, ಅವುಗಳ ಚಟುವಟಿಕೆ. ಸುಮ್ಮನಿದ್ದ ಕೆಲವು ಎಚ್ಚರಗೊಳ್ಳುತ್ತವೆ, ದುಡಿಯುತ್ತಿದ್ದ ಕೆಲವು ತಣ್ಣಗಾಗುತ್ತವೆ. ಹೃದ್ರೋಗದ ಒಲವು ಮನೆತನದಲ್ಲಿ ಬರುವುದು ಬೇರೆ ಮಾತು, ಅದಕ್ಕಾಗಿ ನೀವೂ ರಕ್ತದೊತ್ತಡ, ಸಕ್ಕರೆ, ಕೊಲೆಸ್ಟ್ರಾಲ್ ಪರೀಕ್ಷೆ ಮಾಡಿಸಿಕೊಳ್ಳಿ.

ನಾವು ಮಾತಿನಲ್ಲಿ ನರ ಎನ್ನುವುದು ಇಲ್ಲಿ ಅಭಿಧಮನಿ, ಅಂದರೆ ರಕ್ತವನ್ನು ಹೃದಯಕ್ಕೆ ಮರಳಿಸುವ ತೆಳುಗೋಡೆಯ ನಾಳ. ಮಲಗಿದ್ದಾಗ ಅದರೊಳಗಿನ ಒತ್ತಡ ಸುಮಾರು 10 ಮಿಲಿಮೀಟರ್ ಪಾದರಸದಷ್ಟು. ಹೃದಯದ ಅಪಧಮನಿಯ, ಅಂದರೆ ಹೃದಯದಿಂದ ಹೊರಟ ರಕ್ತವನ್ನು ಒಯ್ಯುವ ದಪ್ಪಗೋಡೆಯ ನಾಳದ, ಜಾಗಕ್ಕೆ ಬಂದೊಡನೆ ಅದು 120/80ರ ಬಡಿತವನ್ನು ತಾಳಬೇಕು. ತುಂಗಭದ್ರೆಯ ಎಡದಂಡೆ ಕಾಲುವೆಯ ರಭಸವನ್ನು ಹೊಲಗಾಲುವೆಗೆ ತಿರುಗಿಸಿದಂತೆ. ಕೆಲವೇ ಗಂಟೆಗಳಲ್ಲಿ ಸಿ-ಫಾಸ್, ಇಜಿಆರ್-1 ಮುಂತಾದ ವಂಶವಾಹಿಗಳು ಚುರುಕಾಗುತ್ತವೆ. ಗೋಡೆಯ ಸ್ನಾಯುಕೋಶಗಳು ಹಿಗ್ಗಿ ಕುಗ್ಗುವ ತಮ್ಮ ಕೆಲಸ ಬಿಟ್ಟು, ಸಂಖ್ಯೆಯಲ್ಲಿ ಹೆಚ್ಚುತ್ತ ಒಳಪದರದ ಕಡೆಗೆ ಸರಿಯುತ್ತವೆ. ಗೋಡೆ ದಪ್ಪವಾಗುವುದು ಆರಂಭದಲ್ಲಿ ಒತ್ತಡ ತಾಳಲು ಬೇಕಾದ ಹೊಂದಾಣಿಕೆಯೇ. ಅದು ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲದಿದ್ದಾಗ ಒಡ್ಡಿಗೆ ಮೆತ್ತಿದ ಮಣ್ಣೇ ನೀರಿನ ದಾರಿಯನ್ನು ಕಿರಿದು ಮಾಡಿದಂತಾಗುತ್ತದೆ, ಮುಂದೆ ಅದರ ಮೇಲೆ ಕೊಬ್ಬೂ ಕೂಡುತ್ತದೆ. ಅಭಿಧಮನಿಯ ಗುರುತಾದ ಎಫ್-ಬಿ4 ವಂಶವಾಹಿ ಮಂಕಾದರೂ, ಅಪಧಮನಿಯ ಗುರುತು ಪೂರ್ಣವಾಗಿ ಮೂಡುವುದಿಲ್ಲ ಎಂಬುದು ನನಗೆ ಬಹಳ ಮುಖ್ಯವೆನಿಸುತ್ತದೆ.

ಈ ಚಟುವಟಿಕೆಯನ್ನೇ ತಡೆಯಲು, ಜೋಡಿಸುವ ಮೊದಲು ನಾಳವನ್ನು ಎಡಿಫೋಲಿಗೈಡ್ ಎಂಬ ಔಷಧದಲ್ಲಿ ಅದ್ದಿ ನೋಡಿದರು. ಅಮೆರಿಕದಲ್ಲಿ ಸುಮಾರು 3,000 ರೋಗಿಗಳ ಮೇಲೆ ನಡೆದ ಆ ಪ್ರಯೋಗದ ಫಲಿತಾಂಶ 2005ರಲ್ಲಿ ಹೊರಬಂದಾಗ ಪ್ರಯೋಜನ ಕಾಣಲಿಲ್ಲ. ಒಂದು ದಾರಿ ಮುಚ್ಚಿದರೆ ಜೀವಕೋಶಕ್ಕೆ ಬೇರೆ ದಾರಿಗಳಿರುತ್ತವೆ.

ಹತ್ತು ವರ್ಷಗಳಲ್ಲಿ ಇಂಥ ನಾಳಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮುಚ್ಚಿಹೋಗುತ್ತವೆ ಅಥವಾ ತೀರ ಕಿರಿದಾಗುತ್ತವೆ. ಎದೆಗೂಡಿನ ಒಳಗಿನ ಅಪಧಮನಿಯನ್ನು ಜೋಡಿಸಿದ್ದರೆ ಅದು ಬಹುಕಾಲ ಬಾಳುತ್ತದೆ. ತಂದೆಯವರಿಗೆ ಅದನ್ನೂ ಬಳಸಿದ್ದಾರೆಯೇ ಎಂಬುದು ಆಸ್ಪತ್ರೆಯ ಡಿಸ್ಚಾರ್ಜ್ ಪತ್ರದಲ್ಲಿರುತ್ತದೆ, ನೋಡಿ. ಗುಟ್ಕಾ, ಬೀಡಿ ಬೇಡವೇ ಬೇಡ. ವೈದ್ಯರು ಬರೆದುಕೊಟ್ಟ ಆಸ್ಪಿರಿನ್ ಮತ್ತು ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಮಾತ್ರೆಗಳನ್ನು, ಆರಾಮಾಗಿದ್ದಾರೆಂದೋ ಹಲ್ಲು ಕೀಳಿಸಬೇಕೆಂದೋ, ಹೃದ್ರೋಗ ತಜ್ಞರನ್ನು ಕೇಳದೆ ದಯವಿಟ್ಟು ಒಂದು ದಿನವೂ ನಿಲ್ಲಿಸಬೇಡಿ.