ಡಿಸೆಂಬರ್ ರಜೆಯಲ್ಲಿ ಎಲ್ ಮಿರಾದೋರ್ ಟ್ರೆಕ್‌ಗೆ ಕುಮಾರ ಪರ್ವತ ಹತ್ತಿದ ಫಿಟ್‌ನೆಸ್ ಸಾಕಾ, ಇಲ್ಲ ಹೆಲಿಕಾಪ್ಟರ್ ವಾಸಿನಾ?

ನಿಮ್ಮ ಪ್ರಶ್ನೆ ಓದ್ತಿದ್ದ ಹಾಗೇ ನನ್ನ ಹಿಮ್ಮಡಿ ಚುರ್ ಅಂತು. ಇದೇ ಲೆಕ್ಕಾಚಾರ ನಾನೂ ಹಾಕಿದ್ದೆ, 2017ರಲ್ಲಿ, ಟೆಕ್ಸಸ್‌ನಲ್ಲಿ ಕೆಲಸದಲ್ಲಿದ್ದಾಗ. ಅದೇ ಡಿಸೆಂಬರ್, ಗ್ವಾಟೆಮಾಲಾದ ಕಾಡಲ್ಲಿ ಹೂತುಹೋಗಿರೋ ಮಾಯಾ ಜನರ ಅದೇ ಪುರಾತನ ಊರು ಎಲ್ ಮಿರಾದೋರ್, ಕುಮಾರ ಪರ್ವತ ಹತ್ತಿದೀನಲ್ಲ ಅನ್ನೋ ಅದೇ ಧೈರ್ಯ.

ಫಿಟ್‌ನೆಸ್ ವಿಷಯ ತಲೆಯಿಂದ ತೆಗೀರಿ. ಫ್ಲೋರೆಸ್ ಪಟ್ಟಣದಿಂದ ಗಾಡೀಲಿ ಕಾರ್ಮೆಲಿತಾ ಅನ್ನೋ ಹಳ್ಳಿ, ಅಲ್ಲಿಂದ ಮಿರಾದೋರ್‌ಗೆ ಕಾಲ್ನಡಿಗೆ ಸುಮಾರು 40 ಕಿಲೋಮೀಟರ್, ಹೋಗೋಕೆ ಎರಡು ದಿನ ಬರೋಕೆ ಎರಡು ದಿನ, ಲಗೇಜು ಊಟ ನೀರು ಎಲ್ಲಾ ಹೇಸರಗತ್ತೆ ಮೇಲೆ. ಕುಮಾರ ಪರ್ವತದಲ್ಲಿ ಭಟ್ರ ಮನೆಯಿಂದ ಮೇಲಕ್ಕೆ ಏರುವಾಗ ಬರೋ ಎದೆಯುಸಿರು ಅಲ್ಲಿ ದಾರೀಲಿ ಎಲ್ಲೂ ಬರಲ್ಲ, ಯಾಕಂದ್ರೆ ದಾರಿ ಹೆಚ್ಚುಕಮ್ಮಿ ಸಪಾಟು. ಆ ಸಪಾಟು ನೆಲಾನೇ ತೊಂದರೆ. ಬಾಹೋ ಅಂತಾರೆ, ಮಳೆಗಾಲದಲ್ಲಿ ನೀರು ನಿಲ್ಲೋ ತಗ್ಗು. ಜೂನ್‌ನಿಂದ ಮಳೆ ಹಿಡಿದ್ರೆ ನವೆಂಬರ್ ದಾಟೋವರೆಗೂ ಇರುತ್ತೆ, ಡಿಸೆಂಬರ್‌ನಲ್ಲಿ ಆಕಾಶ ತಿಳಿಯಾದ್ರೂ ಆ ಕೆಸರು ಆರಿರಲ್ಲ.

ಈಗ ನನ್ನ ತಪ್ಪು. ಇದನ್ನ ಸ್ವಲ್ಪ ಉದ್ದ ಹೇಳ್ತೀನಿ, ದಯವಿಟ್ಟು ಓದಿ. ಕಾರ್ಮೆಲಿತಾದಲ್ಲಿ ಹೊರಡೋ ಬೆಳಿಗ್ಗೆ ನಮ್ಮ ಗೈಡು, ಹೇಸರಗತ್ತೆ ಹೊಡೆಯೋನು, ಅಡುಗೆಯಮ್ಮ, ಮೂರೂ ಜನರ ಕಾಲಲ್ಲಿ ಮೊಣಕಾಲುದ್ದ ಕಪ್ಪು ಗಂಬೂಟು. ಗೈಡು ನನ್ನ ಶೂ ನೋಡಿ, ಊರಲ್ಲಿ ಒಂದು ಜೊತೆ ಗಂಬೂಟು ಕೊಡಿಸ್ತೀನಿ, ಹಾಕ್ಕೊಳ್ಳಿ ಅಂದ. ನಾನು ಬೇಡ ಅಂದೆ. ನನ್ನದು ವಾಟರ್‌ಪ್ರೂಫ್ ಟ್ರೆಕ್ಕಿಂಗ್ ಶೂ, ಸಿಕ್ಕಾಪಟ್ಟೆ ದುಡ್ಡು ಕೊಟ್ಟು ತಗೊಂಡಿದ್ದು. ಆದ್ರೆ ವಾಟರ್‌ಪ್ರೂಫ್ ಅಂದ್ರೆ ಹೊರಗಿನ ನೀರು ಒಳಗೆ ಬರಲ್ಲ ಅಂತ ಅಲ್ವಾ, ಕೆಸರು ಪಾದದ ಗಂಟು ದಾಟಿದ ತಕ್ಷಣ ನೀರು ಮೇಲಿಂದಾನೇ ಒಳಗೆ ಇಳಿಯುತ್ತೆ, ಇಳಿದ ಮೇಲೆ ಅದೇ ಪದರ ಆ ನೀರನ್ನ ಹೊರಗೆ ಬಿಡಲ್ಲ, ಚೊಂಬಲ್ಲಿ ತುಂಬಿಟ್ಟ ಹಾಗೆ ನಿಲ್ಲುತ್ತೆ. ಒಣ ಸಾಕ್ಸ್ ಎಲ್ಲಾ ದೊಡ್ಡ ಬ್ಯಾಗಲ್ಲಿ, ಆ ಬ್ಯಾಗು ಹೇಸರಗತ್ತೆ ಮೇಲೆ, ಹೇಸರಗತ್ತೆ ಎಲ್ಲೋ ಹಿಂದೆ. ಮಧ್ಯಾಹ್ನದ ಹೊತ್ತಿಗೆ ಹಿಮ್ಮಡಿ ಬಿಸಿಯಾಗೋಕೆ ಶುರುವಾಯ್ತು. ಆಗಲೇ ನಿಂತು ಟೇಪ್ ಸುತ್ತಿದ್ರೆ ಮುಗೀತಿತ್ತು, ಗುಂಪನ್ನ ನಿಲ್ಲಿಸೋಕೆ ಸಂಕೋಚ, ನಡೆದೆ. ಎಲ್ ತಿಂತಾಲ್ ಕ್ಯಾಂಪಲ್ಲಿ ಶೂ ಬಿಚ್ಚಿದಾಗ ಪಾದ ಬಿಳಿಚಿ ಸುಕ್ಕುಗಟ್ಟಿತ್ತು. ರಾತ್ರಿ ಬೆಂಕಿ ಹತ್ರ ಇಟ್ರೂ ಶೂ ಆರಲಿಲ್ಲ, ಆ ತೇವದ ಗಾಳೀಲಿ ಏನೂ ಆರಲ್ಲ. ಮಾರನೇ ದಿನ ಒದ್ದೆ ಶೂಗೇ ಕಾಲು ತೂರಿಸಿದೆ, ಸಂಜೆ ಸಾಕ್ಸ್ ಎಳೆದಾಗ ಬಲ ಹಿಮ್ಮಡಿ ಚರ್ಮ ಎರಡು ರೂಪಾಯಿ ನಾಣ್ಯದಷ್ಟು ಅದರ ಜೊತೆಗೇ ಬಂತು. ತೀರ್ಥಹಳ್ಳಿ ಹತ್ರ ತೋಟದಲ್ಲಿ ನಮ್ಮಪ್ಪ ಮಳೆಗಾಲ ಪೂರ್ತಿ ಗಂಬೂಟಲ್ಲೇ ಓಡಾಡೋದನ್ನ ನೋಡಿ ಬೆಳೆದೋನು ನಾನು, ಆ ಬೆಳಿಗ್ಗೆ ಹೂಂ ಅನ್ನಬೇಕಿತ್ತು.

ಅದಕ್ಕೆ ತೆತ್ತಿದ್ದು ಏನು ಗೊತ್ತಾ? ಆರು ದಿನದ ಪ್ಲಾನಲ್ಲಿ ನಕ್‌ಬೆ ಇತ್ತು, ಮಿರಾದೋರ್‌ಗಿಂತಲೂ ಹಳೇ ಊರು, ಅದು ಹೋಯ್ತು. ಮಿರಾದೋರ್ ತಲುಪಿದ ಸಂಜೆ ಎಲ್ಲರೂ ಸೂರ್ಯಾಸ್ತಕ್ಕೆ ಪಿರಮಿಡ್ ಹತ್ತೋಕೆ ಹೋದಾಗ ನಾನು ಹ್ಯಾಮಕ್‌ನಲ್ಲಿ ಮಲಗಿ ಹೌಲರ್ ಕೋತಿಗಳ ಕೂಗು ಕೇಳ್ತಾ ಇದ್ದೆ. ವಾಪಸ್ ಎರಡು ದಿನ ಹೇಸರಗತ್ತೆ ಮೇಲೆ.

ಮಾರನೇ ಬೆಳಿಗ್ಗೆ ಮಾತ್ರ ಬಿಡಲಿಲ್ಲ, ಬಟ್ಟೆ ಸುತ್ತಿ ಚಪ್ಪಲೀಲೇ ಲಾ ದಾಂತಾ ಅನ್ನೋ ಪಿರಮಿಡ್ ಹತ್ತಿದೆ. 72 ಮೀಟರ್ ಎತ್ತರ, ಕ್ರಿಸ್ತಪೂರ್ವದ ಕೆಲಸ. ಕೆಳಗಿಂದ ನೋಡಿದ್ರೆ ಮರ ಬೆಳೆದ ಗುಡ್ಡ, ಮೇಲೆ ಮರದ ಮೆಟ್ಟಿಲು, ತುದೀಲಿ ಕಲ್ಲು. ಸುತ್ತ ನಾಲ್ಕೂ ದಿಕ್ಕಿಗೆ ಬರೀ ಕಾಡು, ಒಂದು ರಸ್ತೆ ಇಲ್ಲ ಒಂದು ತಂತಿ ಇಲ್ಲ. ದೂರದಲ್ಲಿ ಒಂದು ಡುಬ್ಬ ತೋರಿಸಿ ಗೈಡು ನಕ್‌ಬೆ ಅಂದ. ನಂಗೆ ಕಣ್ಣಲ್ಲಿ ನೀರು ಬಂತು.

ಆ ಕೆಸರನ್ನ ಬೈಕೊಂಡೇ ಹೋಗಿದ್ದೆ, ಆದ್ರೆ ಮಿರಾದೋರ್ ಊರು ಬದುಕಿದ್ದೇ ಅದರಿಂದ. ಅಲ್ಲಿ ದಶಕಗಟ್ಟಲೆ ಅಗೆದು ನೋಡಿರೋ ಪುರಾತತ್ವಜ್ಞ ರಿಚರ್ಡ್ ಹ್ಯಾನ್ಸೆನ್ ಹೇಳೋ ಪ್ರಕಾರ ಬಾಹೋಗಳ ಕೆಸರನ್ನ ಹೊತ್ತು ತಂದು ಹೊಲಕ್ಕೆ ಹಾಕಿ ಬೆಳೆ ತೆಗೀತಿದ್ರು, ನಾವು ತೋಟಕ್ಕೆ ಮಣ್ಣು ಕೊಡ್ತೀವಲ್ಲ ಹಾಗೇ. ಆಮೇಲೆ ಗೋಡೆಗಳಿಗೆ ಗಾರೆ ಬಳಿಯೋಕೆ ಸುಣ್ಣ ಸುಡೋಕೆ ಅಂತ ಕಾಡು ಕಡಿದ್ರು, ಜೇಡಿ ಕೊಚ್ಚಿಕೊಂಡು ಬಂದು ಆ ಒಳ್ಳೇ ಕೆಸರನ್ನ ಮುಚ್ಚಿಬಿಡ್ತು ಅಂತ ಅವರ ವಾದ.

ಹೆಲಿಕಾಪ್ಟರ್ ಬೇಡ, ಇದು ನನ್ನ ಖಡಾಖಂಡಿತ ಅಭಿಪ್ರಾಯ. ಮಿರಾದೋರ್‌ನ ಬಹುಪಾಲು ಇನ್ನೂ ಮಣ್ಣಡೀಲಿದೆ, ಇಳಿದು ಫೋಟೋ ತೆಗೆದು ಹತ್ತಿದ್ರೆ ಏನೂ ದಕ್ಕಲ್ಲ. ನಡೆದ್ರೆ ಮಾಯಾ ಜನ ಎತ್ತರಿಸಿ ಕಟ್ಟಿದ ಸಾಕ್‌ಬೆ ದಾರಿ ಕಾಲಿಗೇ ಗೊತ್ತಾಗುತ್ತೆ, ಕೆಸರು ತಟ್ಟನೆ ನಿಂತು ನೆಲ ಗಟ್ಟಿಯಾಗುತ್ತೆ. ಒಂದು ಕಡೆ ಗೈಡು ಒಂದು ದೊಡ್ಡ ಮರದ ಹತ್ರ ನಿಂತ, ಬುಡದಿಂದ ಮೇಲಿನವರೆಗೂ ಓರೆ ಓರೆ ಕಚ್ಚಿನ ಹಳೇ ಗಾಯ, ಚಿಕ್ಲೆ ಅಂದ, ಚೂಯಿಂಗ್ ಗಮ್ ಅಂಟು ಇಳಿಸ್ತಿದ್ದ ಮರ, ಅವನ ಊರು ಹುಟ್ಟಿದ್ದೇ ಆ ಕೆಲಸಕ್ಕೆ. ಎಲೆ ಮುರಿದು ಕೊಟ್ಟ, ಹಾಲು ಬೆರಳಿಗೆ ಅಂಟಿತು. ಸಪೋಟ! ನಮ್ಮ ಹಿತ್ತಲ ಸಪೋಟಾನೇ, ಇದು ಅದರ ಸ್ವಂತ ಕಾಡು.

ಹಂಗಾಗಿ ಟಿಕೆಟ್ ಇನ್ನೂ ಆಗಿಲ್ಲ ಅಂದ್ರೆ ಮಾರ್ಚ್‌ಗೆ ತಳ್ಳಿ. ಬಿಸಿಲು ಜಾಸ್ತಿ, ಉಣುಗು ಜಾಸ್ತಿ, ಆದ್ರೂ ಕಾಲು ಉಳಿಯುತ್ತೆ. ಡಿಸೆಂಬರೇ ಅಂದ್ರೆ ಗಂಬೂಟು, ಒಂದು ಸೈಜ್ ದೊಡ್ಡದು, ಒಳಗೆ ಎರಡು ಸಾಕ್ಸ್, ಇನ್ನೆರಡು ಜೊತೆ ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ನಿಮ್ಮ ಬೆನ್ನ ಮೇಲಿನ ಬ್ಯಾಗಲ್ಲಿ, ಹೇಸರಗತ್ತೆ ಮೇಲಲ್ಲ. ಗೈಡು ಕಾರ್ಮೆಲಿತಾದವರೇ ಇರಲಿ, ಆ ಕಾಡು ನೋಡ್ಕೊಳ್ತಿರೋರು ಅವರು. ಮತ್ತೆ ನಕ್‌ಬೆಗೂ ಸೇರಿಸಿ ಆರು ದಿನ ಇಟ್ಕೊಳ್ಳಿ, ಹೋಗಿ ಬಂದ್ಮೇಲೆ ಅಲ್ಲಿ ಏನಿದೆ ಅಂತ ನನಗೂ ಬರೀರಿ.