ಸೀನಿಯರ್ಸ್ ಪಟ್ಟಿಯಲ್ಲಿ ಅವಳು ಓದದೆ ಬಿಟ್ಟ ಸಾಲು

ಹೊಸ ಸೆಮಿಸ್ಟರಿನ ಟೈಮ್‌ಟೇಬಲ್ ಬಂದ ವಾರ ನನ್ನ ಕೋಣೆಗೆ ಬರುವವರು ಜಾಸ್ತಿ. ಹೆಚ್ಚಿನವರ ಮಾತು ಒಂದೇ. ‘ಮೇಡಂ, ನಮಗೆ ಇಂಥ ಸರ್ ಬಂದಿದ್ದಾರೆ. ಸೀನಿಯರ್ಸೆಲ್ಲ ಅವರ ಕ್ಲಾಸು ವೇಸ್ಟು ಅಂತಾರೆ. ಸೆಕ್ಷನ್ ಚೇಂಜ್ ಮಾಡಿಸಿ.’ ಅದು ಆಪ್ತಸಲಹೆಗಾರರ ಕೆಲಸ ಅಲ್ಲ ಅಂತ ಹೇಳಿ ಕಳಿಸಿಬಿಡಬಹುದು. ಆದರೆ ಅವರಲ್ಲಿ ಕೆಲವರು ನಿಜಕ್ಕೂ ನಿದ್ದೆಗೆಟ್ಟು ಬಂದಿರುತ್ತಾರೆ. ಅಂಥ ಒಬ್ಬಳ ಪ್ರಕರಣ ಇದು. ಅವಳ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿ ಬರೆಯುತ್ತಿದ್ದೇನೆ.

ವಿಟಿಯುಗೆ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಸೇರಿದ ಒಂದು ಎಂಜಿನಿಯರಿಂಗ್ ಕಾಲೇಜು. ಹುಡುಗಿ ಕಂಪ್ಯೂಟರ್ ಸೈನ್ಸ್, ಮೂರನೇ ಸೆಮಿಸ್ಟರ್. ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಓದಿದವಳು. ಒಂದರಿಂದ ಹತ್ತನೇ ತರಗತಿವರೆಗೆ ಕನ್ನಡದಲ್ಲೇ ಓದಿದವರಿಗೆ ಸಿಇಟಿಯಲ್ಲಿ 5% ಸೀಟು ಇರುತ್ತದಲ್ಲ, ಅದರಲ್ಲಿ ಸೀಟು ಸಿಕ್ಕಿತ್ತು. ಮೊದಲ ವರ್ಷ ಒಂದೂ ಸಬ್ಜೆಕ್ಟ್ ಬಾಕಿ ಉಳಿಸಿಕೊಂಡಿರಲಿಲ್ಲ. ಈಗ ಗಣಿತಕ್ಕೆ ಬಂದಿದ್ದ ಮೇಷ್ಟ್ರ ಹೆಸರು ನೋಡಿ ಊಟ ಬಿಟ್ಟಿದ್ದಳು. ‘ಮಾನಸಿಕ ಒತ್ತಡ ಇದೆ, ಸೆಕ್ಷನ್ ಬದಲಾಯಿಸಿ’ ಅಂತ ನಾನೊಂದು ಪತ್ರ ಕೊಡಬೇಕು, ಅದನ್ನು ವಿಭಾಗದ ಮುಖ್ಯಸ್ಥರಿಗೆ ಕೊಡುತ್ತೇನೆ ಅಂದಳು.

ಅವಳ ಕೈಯಲ್ಲಿದ್ದ ಸಾಕ್ಷಿ ಒಂದು ಗೂಗಲ್ ಶೀಟು. ಸೀನಿಯರ್ಸ್ ಮಾಡಿದ್ದು, ವರ್ಷದಿಂದ ವರ್ಷಕ್ಕೆ ಬೆಳೆಯುತ್ತಾ ಬಂದದ್ದು. ಒಬ್ಬೊಬ್ಬ ಅಧ್ಯಾಪಕರಿಗೂ ಐದಕ್ಕೆ ಇಷ್ಟು ಅಂತ ಸ್ಟಾರು, ಪಕ್ಕದಲ್ಲಿ ಅನಿಸಿಕೆ. ನಮ್ಮ ಗಣಿತದ ಸರ್‌ಗೆ ಎರಡು ಸ್ಟಾರೂ ಇರಲಿಲ್ಲ. ಅಮೆರಿಕದಲ್ಲಿ ಇದೇ ಕೆಲಸಕ್ಕೆ 1999ರಿಂದ ಒಂದು ವೆಬ್‌ಸೈಟೇ ಇದೆ, ರೇಟ್ ಮೈ ಪ್ರೊಫೆಸರ್ಸ್ ಅಂತ. ಮೇಷ್ಟ್ರು ನೋಡೋಕೆ ಚೆನ್ನಾಗಿದ್ದರೆ ಅವರ ಹೆಸರಿನ ಮುಂದೆ ಮೆಣಸಿನಕಾಯಿ ಗುರುತು ಬೇರೆ ಬೀಳುತ್ತಿತ್ತು! ಟೀಕೆ ಬಂದ ಮೇಲೆ 2018ರಲ್ಲಿ ಅದನ್ನು ತೆಗೆದರು. ನಮ್ಮ ಹುಡುಗರ ಶೀಟು ಇನ್ನೂ ಅಷ್ಟು ದೂರ ಹೋಗಿಲ್ಲ, ಪುಣ್ಯ.

ಎರಡನೇ ಸಲ ಬಂದಾಗ ಪತ್ರದ ಮಾತು ಪಕ್ಕಕ್ಕಿಟ್ಟು, ‘ಆ ಶೀಟು ತೆಗಿ, ಗಟ್ಟಿಯಾಗಿ ಓದಮ್ಮ’ ಅಂದೆ. ನಾನು ಒಂದು ಹಾಳೆ ತಗೊಂಡು ಮಧ್ಯೆ ಗೆರೆ ಎಳೆದೆ. ಕ್ಲಾಸಿನಲ್ಲಿ ನಡೆದದ್ದು ಎಡಕ್ಕೆ, ಬರೆದವರಿಗೆ ಅನಿಸಿದ್ದು ಬಲಕ್ಕೆ. ಯಾವುದು ಎಲ್ಲಿಗೆ ಅಂತ ಅವಳೇ ಹೇಳಬೇಕು.

‘ಪಿಪಿಟಿ ನೋಡಿ ಓದ್ತಾರೆ.’ ಎಡಕ್ಕೆ. ‘ಸಾಯಿಸ್ತಾರೆ ಗುರು.’ ಬಲಕ್ಕೆ. ‘ಡೌಟ್ ಕೇಳಿದ್ರೆ ಟೆಕ್ಸ್ಟ್‌ಬುಕ್ ನೋಡು ಅಂತಾರೆ.’ ಎಡಕ್ಕೆ. ‘ಇಂಟರ್ನಲ್ಸ್ ತುಂಬಾ ಟೈಟು.’ ಇಂಟರ್ನಲ್ಸ್ ಅಂದರೆ ಕಾಲೇಜಿನಲ್ಲೇ ಮೇಷ್ಟ್ರು ಕೊಡುವ ಅಂಕ. ಈ ಸಾಲಿಗೆ ಸ್ವಲ್ಪ ಯೋಚಿಸಿದಳು. ಎಷ್ಟು ಟೈಟು, ಯಾರಿಗೆ ಟೈಟು ಅಂತ ಬರೆದಿಲ್ಲವಲ್ಲ ಅಂತ ಅವಳೇ ಬಲಕ್ಕೆ ಹಾಕಿಸಿದಳು. ‘ಅಟೆಂಡೆನ್ಸ್ ಕೊಡಲ್ಲ.’ ‘ಬಂದವರಿಗೋ, ಬರದವರಿಗೋ?’ ಅಂದೆ. ನಕ್ಕಳು. ಅವಳು ನಕ್ಕಿದ್ದನ್ನು ನಾನು ನೋಡಿದ್ದು ಆಗಲೇ.

ಆಮೇಲೆ ಅವಳ ಹೆಬ್ಬೆರಳು ಒಂದು ಸಾಲು ಹಾರಿಸಿ ಮುಂದಕ್ಕೆ ಹೋಯಿತು.

‘ಒಂದು ಬಿಟ್ಟೆ ಅನ್ಸುತ್ತೆ.’

‘ಅದೇನಿಲ್ಲ ಮೇಡಂ.’

‘ಓದಲೇಬೇಕು ಅಂತೇನಿಲ್ಲ. ಮುಂದಿಂದು ಓದು.’

ಮುಂದಿಂದು ಓದಲಿಲ್ಲ. ಸ್ವಲ್ಪ ಹೊತ್ತು ಸುಮ್ನೆ ಕೂತು ಮೊಬೈಲನ್ನು ನನ್ನ ಕಡೆ ತಿರುಗಿಸಿದಳು. ಅಲ್ಲಿ ಹೀಗಿತ್ತು: ‘ಕನ್ನಡ ಮೀಡಿಯಂನವರನ್ನ ಎಬ್ಬಿಸಿ ಇಂಗ್ಲಿಷಲ್ಲೇ ಎಕ್ಸ್‌ಪ್ಲೇನ್ ಮಾಡು ಅಂತಾರೆ. ಫುಲ್ ಕ್ಲಾಸ್ ನಗುತ್ತೆ.’

‘ಪಾಠ ಚೆನ್ನಾಗಿ ಮಾಡದಿದ್ರೂ ಪರವಾಗಿಲ್ಲ ಮೇಡಂ. ಯೂಟ್ಯೂಬ್ ಇದೆ. ನನ್ನನ್ನ ಎಬ್ಬಿಸಬಾರದು, ಅಷ್ಟೇ.’

ಮೊದಲ ವರ್ಷದ ಒಂದು ವೈವಾದಲ್ಲಿ (ಮೌಖಿಕ ಪರೀಕ್ಷೆ) ಗಾಬರಿಯಾಗಿ ‘ಈಕ್ವೇಷನ್’ ಅನ್ನುವ ಬದಲು ‘ಸಮೀಕರಣ’ ಅಂದುಬಿಟ್ಟಿದ್ದಳಂತೆ. ಉತ್ತರ ಸರಿಯಿತ್ತು. ಆದರೂ ಜೊತೆಗಿದ್ದ ಹುಡುಗರು ಅದನ್ನೇ ಅವಳ ಹೆಸರು ಮಾಡಿಬಿಟ್ಟರು. ಹಾಸ್ಟೆಲ್ ಮೆಸ್ಸಿನಲ್ಲೂ ‘ಏಯ್ ಸಮೀಕರಣ, ಸಾಂಬಾರ್ ಪಾಸ್ ಮಾಡು’. ಇದನ್ನು ಮನೆಯಲ್ಲಿ ಹೇಳಿರಲಿಲ್ಲ. ಮೊದಲ ಭೇಟಿಯಲ್ಲಿ ನನಗೂ ಹೇಳಿರಲಿಲ್ಲ.

ಅಷ್ಟೊಂದು ಸಾಲುಗಳ ಶೀಟಿನಲ್ಲಿ ಅವಳಿಗೆ ಸಂಬಂಧಪಟ್ಟದ್ದು ಈ ಒಂದೇ ಸಾಲು. ಉಳಿದದ್ದೆಲ್ಲ ಬೇರೆಯವರ ತಾಪತ್ರಯ. ಬೇರೆಯವರ ಕನ್ನಡಕ ಹಾಕಿಕೊಂಡರೆ ತಲೆನೋವು ಬರುತ್ತದಲ್ಲ, ಹಾಗೆ. ಎರಡು ಸ್ಟಾರು ನೋಡಿ ಹೆದರಿ ಬರುವವರಿಗೆ ನಾನು ಮೊದಲು ಕೇಳುವುದು ಇಷ್ಟೇ: ಇದರಲ್ಲಿ ನಿನ್ನನ್ನು ಚುಚ್ಚಿದ ಸಾಲು ಯಾವುದು? ‘ಇಂಟರ್ನಲ್ಸ್’ ಅನ್ನುವವರ ದಾರಿ ಬೇರೆ, ‘ಪಾಠ ಅರ್ಥ ಆಗಲ್ಲ’ ಅನ್ನುವವರ ದಾರಿ ಬೇರೆ, ‘ಎಬ್ಬಿಸ್ತಾರೆ’ ಅನ್ನುವವಳ ದಾರಿಯೇ ಬೇರೆ.

ಪತ್ರ ಕೊಡಲಿಲ್ಲ. ಇದಕ್ಕೆ ನನ್ನ ಸಹೋದ್ಯೋಗಿಯೊಬ್ಬರು ಬೇಸರ ಮಾಡಿಕೊಂಡರು. ‘ಹೆದರಿದ ಹುಡುಗಿ ಕೇಳಿದ್ದು ಒಂದು ಹಾಳೆ ತಾನೇ? ಮೇಷ್ಟ್ರ ಪರ ನಿಂತ ಹಾಗಾಯಿತು’ ಅಂದರು. ಇಲ್ಲ ಅಂತ ಈಗಲೂ ಹೇಳುತ್ತೇನೆ. ಒತ್ತಡದ ಕಾರಣಕ್ಕೆ ಸೆಕ್ಷನ್ ಬದಲಾಯಿಸಿ ಅಂತ ಬರೆದ ಪತ್ರ ಅವಳ ಫೈಲಿನಲ್ಲಿ ಉಳಿಯುತ್ತದೆ, ಯಾರ್ಯಾರು ಓದುತ್ತಾರೋ ಗೊತ್ತಿಲ್ಲ. ಅದೂ ಹೋಗಲಿ. ಪಕ್ಕದ ಸೆಕ್ಷನ್ನಿಗೆ ಬರುವವರು ಅತಿಥಿ ಉಪನ್ಯಾಸಕರು, ಅವರು ಸೆಮಿಸ್ಟರ್ ಮಧ್ಯೆ ಬಿಟ್ಟುಹೋಗಬಹುದು. ಮುಂದಿನ ಸೆಮಿಸ್ಟರಿನಲ್ಲಿ ಇಂಗ್ಲಿಷಲ್ಲೇ ಹೇಳು ಅನ್ನುವವರು ಇನ್ನೊಬ್ಬರು ಸಿಕ್ಕರೆ? ಆಗಲೂ ಪತ್ರ ಬರೆಯಲೇ?

ಹಾಗಂತ ‘ಅಡ್ಜಸ್ಟ್ ಮಾಡ್ಕೋ’ ಅನ್ನುವ ಸಲಹೆ ನನ್ನ ಬಾಯಲ್ಲಿ ಬರುವುದಿಲ್ಲ. ಅಧ್ಯಾಪಕರು ಜಾತಿ, ಮೈ ಬಣ್ಣ, ಬಟ್ಟೆ ಹಿಡಿದು ಮಾತಾಡಿದರೆ, ಹತ್ತಿರ ಬಂದು ಕೈ ಹಾಕಿದರೆ, ಇಂಟರ್ನಲ್ಸ್ ಹೆಸರಲ್ಲಿ ಬೆದರಿಸಿದರೆ ಅಲ್ಲಿ ಮಾತುಕತೆಯ ಪ್ರಶ್ನೆಯೇ ಇಲ್ಲ, ದೂರೇ ದಾರಿ. ಲೈಂಗಿಕ ಕಿರುಕುಳಕ್ಕೆ ಆಂತರಿಕ ದೂರು ಸಮಿತಿ ಇದೆ. ಉಳಿದದ್ದಕ್ಕೆ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2023ರ ನಿಯಮದ ಪ್ರಕಾರ ಪ್ರತಿ ಕಾಲೇಜಿನಲ್ಲೂ ವಿದ್ಯಾರ್ಥಿಗಳ ಕುಂದುಕೊರತೆ ಸಮಿತಿ ಇರಬೇಕು, ದೂರು ಬಂದ 15 ಕೆಲಸದ ದಿನಗಳೊಳಗೆ ಅದು ವರದಿ ಕೊಡಬೇಕು. ಅಲ್ಲೂ ಆಗದಿದ್ದರೆ ಮೇಲ್ಮನವಿ ಕೇಳುವ ವಿಶ್ವವಿದ್ಯಾಲಯದ ಓಂಬುಡ್ಸ್‌ಪರ್ಸನ್ ಇದ್ದಾರೆ. ಬಹಳ ಮಕ್ಕಳಿಗೆ ಈ ಸಮಿತಿ ಇರುವುದೇ ಗೊತ್ತಿಲ್ಲ. ಗೊತ್ತು ಮಾಡಿಸುವ ಉತ್ಸಾಹ ಕಾಲೇಜುಗಳಿಗೂ ಅಷ್ಟಕ್ಕಷ್ಟೆ.

ಇವಳ ವಿಷಯದಲ್ಲಿ ಇನ್ನೂ ಏನೂ ನಡೆದಿರಲಿಲ್ಲ. ಯಾರೋ ಬರೆದ ಒಂದು ಸಾಲು ಬಿಟ್ಟರೆ ಕೈಯಲ್ಲಿ ಏನೂ ಇಲ್ಲ. ಅದಕ್ಕೇ ಹೇಳಿದೆ: ಎಬ್ಬಿಸುವ ಮೊದಲು ನೀನೇ ಹೋಗಿ ಮಾತಾಡು. ಮೊದಲ ವಾರದಲ್ಲೇ, ಸ್ಟಾಫ್ ರೂಮಿನಲ್ಲಿ ಜನ ಕಡಿಮೆ ಇರುವಾಗ. ನಾನೂ ಬರುತ್ತೇನೆ ಅಂದದ್ದಕ್ಕೆ ಬೇಡ ಅಂದಳು. ರೂಂಮೇಟ್ ಬರುತ್ತಾಳಂತೆ. ಏನು ಹೇಳಬೇಕು ಅಂತ ಇಬ್ಬರೂ ಕೂತು ಬರೆದೆವು, ಕನ್ನಡದಲ್ಲೇ. ‘ಸರ್, ನಾನು ಹತ್ತನೇವರೆಗೂ ಕನ್ನಡ ಮೀಡಿಯಂ. ಲೆಕ್ಕ ಬರುತ್ತೆ, ಇಂಗ್ಲಿಷಲ್ಲಿ ನಿಂತು ಹೇಳೋಕೆ ಗಾಬರಿ ಆಗುತ್ತೆ. ಪ್ರಶ್ನೆ ಕೇಳಿದ್ರೆ ಬೋರ್ಡ್ ಮೇಲೆ ಸ್ಟೆಪ್ ಬರೆದು ತೋರಿಸ್ಲಾ?’ ನನ್ನನ್ನೇ ಮೇಷ್ಟ್ರು ಮಾಡಿ ಮೂರು ಸಲ ಹೇಳಿಸಿದೆ. ಇಷ್ಟು ಹೇಳಿದ ಮೇಲೂ ಅವಮಾನ ಮಾಡಿದರೆ ತಾರೀಕು, ಆಡಿದ ಮಾತು, ಪಕ್ಕದಲ್ಲಿದ್ದವರ ಹೆಸರು ಅವತ್ತೇ ಬರೆದಿಡು, ಮುಂದಿನದಕ್ಕೆ ನಾನಿದ್ದೇನೆ ಅಂದೆ.

ಜೊತೆಗೆ ಮಾರ್ಕ್ಸಿನ ಲೆಕ್ಕವನ್ನೂ ಹಾಕಿದೆವು. ಮಕ್ಕಳು ಇದನ್ನು ಮಾಡುವುದೇ ಇಲ್ಲ. ಅವಳ ಸ್ಕೀಮಿನಲ್ಲಿ ಇಂಟರ್ನಲ್ಸ್ 50, ಸೆಮಿಸ್ಟರ್ ಪರೀಕ್ಷೆ 50. ಇಂಟರ್ನಲ್ಸಲ್ಲಿ 20, ಪರೀಕ್ಷೆಯಲ್ಲಿ 18, ಒಟ್ಟು 40 ಬಂದರೆ ಪಾಸು. ಪರೀಕ್ಷೆಯ ಪೇಪರ್ ಬರುವುದು ವಿಶ್ವವಿದ್ಯಾಲಯದಿಂದ. ಐದು ಮಾಡ್ಯೂಲ್, ಒಂದೊಂದರಿಂದ ಎರಡು ಪ್ರಶ್ನೆ, ಒಂದಕ್ಕೆ ಉತ್ತರ. ಹಾಗಾಗಿ ಈ ಮೇಷ್ಟ್ರ ಕೈಯಲ್ಲಿರುವುದು ಅರ್ಧ ಮಾತ್ರ. ಅದರಲ್ಲೂ ಟೆಸ್ಟ್ ಪೇಪರ್ ಅವಳ ಕಣ್ಣೆದುರೇ ಇರುತ್ತದೆ, ತಪ್ಪಾಗಿ ತಿದ್ದಿದ್ದರೆ ಕೇಳಬಹುದು. 85% ಹಾಜರಾತಿ ಮಾತ್ರ ಬೇಕೇಬೇಕು, ಕ್ಲಾಸ್ ಬಂಕ್ ಮಾಡಿ ಸಿಟ್ಟು ತೀರಿಸಿಕೊಳ್ಳುವ ಹಾಗಿಲ್ಲ. ಸ್ವಾಯತ್ತ ಕಾಲೇಜಿನ ಮಕ್ಕಳಿಗೆ ಈ ಲೆಕ್ಕ ಹೊಂದುವುದಿಲ್ಲ. ಅಲ್ಲಿ ಪರೀಕ್ಷೆ ನಡೆಸುವುದೂ ಕಾಲೇಜೇ. ಅಂಥವರು ನಿಯಮದ ಪುಸ್ತಕದಲ್ಲಿ ಮರುಮೌಲ್ಯಮಾಪನದ ಪುಟವನ್ನು ಮೊದಲೇ ಓದಿಟ್ಟುಕೊಳ್ಳುವುದು ಒಳ್ಳೇದು.

ಸೀನಿಯರ್ಸ್ ಶೀಟು ಸುಳ್ಳು ಅನ್ನುತ್ತಿದ್ದೇನೆ ಅಂದುಕೊಳ್ಳಬೇಡಿ. ಎಡಗಡೆ ಬಿದ್ದ ಸಾಲುಗಳು ಹೆಚ್ಚುಕಡಿಮೆ ನಿಜವೇ ಇರುತ್ತವೆ. ಆದರೆ ಕ್ಲಾಸು ಹಿತವಾಗಿತ್ತು ಅನ್ನುವುದು ಬೇರೆ, ಕಲಿತೆ ಅನ್ನುವುದು ಬೇರೆ. ಹಾರ್ವರ್ಡಿನಲ್ಲಿ ಫಿಸಿಕ್ಸ್ ವಿದ್ಯಾರ್ಥಿಗಳ ಮೇಲೆ ನಡೆದ ಒಂದು ಅಧ್ಯಯನ 2019ರಲ್ಲಿ ಪ್ರಕಟವಾಯಿತು. ತಾವೇ ಲೆಕ್ಕ ಬಿಡಿಸಬೇಕಾದ ಕ್ಲಾಸಿನಲ್ಲಿ ಕೂತವರು ಟೆಸ್ಟಿನಲ್ಲಿ ಜಾಸ್ತಿ ಅಂಕ ತೆಗೆದಿದ್ದರು, ಆದರೆ ಕಲಿತದ್ದು ಕಡಿಮೆ ಅಂತ ಹೇಳಿದ್ದರು. ಸಲೀಸಾದ ಉಪನ್ಯಾಸ ಕೇಳಿದವರದು ಇದಕ್ಕೆ ಉಲ್ಟಾ.

ಅವಳು ಹೋಗಿ ಮಾತಾಡಿದಳು. ಸರ್ ಕರಗಿದರು ಅಂತೆಲ್ಲ ಇಲ್ಲ. ‘ಇಂಟರ್‌ವ್ಯೂನಲ್ಲಿ ಕನ್ನಡದಲ್ಲಿ ಕೇಳ್ತಾರೇನಮ್ಮಾ?’ ಅಂತ ಶುರು ಮಾಡಿದರಂತೆ. ಕೊನೆಗೆ ‘ಸರಿ, ಬೋರ್ಡಲ್ಲಿ ಬರಿ, ಆದ್ರೆ ಒಂದೊಂದು ಸ್ಟೆಪ್ಪಿಗೂ ಒಂದು ವಾಕ್ಯ ಇಂಗ್ಲಿಷಲ್ಲಿ ಹೇಳ್ಬೇಕು’ ಅಂದರು. ಅಷ್ಟಕ್ಕೆ ಒಪ್ಪಿ ಬಂದಳು. ಮಾರ್ಕೊವ್ ಚೈನ್ ಪಾಠ ನಡೆಯುವಾಗ ಒಂದು ದಿನ ಎಬ್ಬಿಸಿದರು. ಹೋಗಿ ಬರೆದಳು, ಎರಡು ವಾಕ್ಯ ಹೇಳಿದಳು, ಮೂರನೆಯದಕ್ಕೆ ತಡವರಿಸಿದಳು. ಹಿಂದಿನ ಬೆಂಚಿನಿಂದ ನಗು ಬಂತು. ಮೇಷ್ಟ್ರು ಅವರನ್ನು ಗದರಲಿಲ್ಲ. ಅದು ನನಗೆ ಈಗಲೂ ಸಮಾಧಾನ ಇಲ್ಲದ ವಿಷಯ. ಪಿಪಿಟಿ ಓದುವುದನ್ನೂ ಅವರು ಬಿಟ್ಟಿಲ್ಲ. ಅವಳು ಎನ್‌ಪಿಟೆಲ್ ಅನ್ನುವ ಉಚಿತ ಆನ್‌ಲೈನ್ ಪಾಠಗಳ ವಿಡಿಯೊ ನೋಡಿ, ಪಕ್ಕದ ಸೆಕ್ಷನ್ನಿನವರ ನೋಟ್ಸ್ ತಂದು ಓದಿ ಪಾಸಾದಳು.

ಅಧ್ಯಾಪಕರ ಬಗ್ಗೆ ಕಾಲೇಜು ಫೀಡ್‌ಬ್ಯಾಕ್ ತಗೊಳ್ಳುವುದು ಸೆಮಿಸ್ಟರ್ ಮುಗಿಯುವಾಗ. ಅಷ್ಟು ಹೊತ್ತಿಗೆ ಅದು ಆ ಮಕ್ಕಳಿಗೆ ಯಾವ ಕೆಲಸಕ್ಕೂ ಬರುವುದಿಲ್ಲ. ನಾಲ್ಕನೇ ವಾರದಲ್ಲಿ, ಹೆಸರಿಲ್ಲದೆ, ಕನ್ನಡದಲ್ಲೂ ಬರೆಯುವ ಅವಕಾಶ ಕೊಟ್ಟು ಒಂದು ಫೀಡ್‌ಬ್ಯಾಕ್ ತಗೊಳ್ಳಿ ಅಂತ ಪ್ರಾಂಶುಪಾಲರಿಗೆ ಬರೆದುಕೊಟ್ಟೆ. ‘ನೋಡೋಣ’ ಅಂದಿದ್ದಾರೆ. ಮುಂದಿನ ಟೈಮ್‌ಟೇಬಲ್ ಬರುವುದರೊಳಗೆ ಮತ್ತೆ ಹೋಗಿ ಕೇಳಬೇಕು.