ಗುದದ್ವಾರದ ಬಳಿ ಎದ್ದಿರುವ ಗುಳ್ಳೆಗಳು ಮೂಲವ್ಯಾಧಿಯೋ, ಹರ್ಪಿಸ್ಸೋ ಎಂದು ತಿಳಿಯುವುದು ಹೇಗೆ?

ಗುದದ್ವಾರದ ಅಂಚಿನಲ್ಲಿ 3 ದಿನಗಳಿಂದ ಉರಿಯಿದೆ, ಸಣ್ಣ ಗುಳ್ಳೆಗಳು ಕೈಗೆ ಸಿಗುತ್ತವೆ, ಮೂಲವ್ಯಾಧಿಯ ಮುಲಾಮು ಹಚ್ಚಿದರೂ ಕಡಿಮೆಯಾಗಿಲ್ಲ ಎಂದು ವಿಜಯಪುರದಿಂದ ಬರೆದಿದ್ದೀರಿ. ನಾನು ವೈದ್ಯನಲ್ಲ, ಜಮಖಂಡಿಯಲ್ಲಿ ಔಷಧ ಅಂಗಡಿ ನಡೆಸುವ ಫಾರ್ಮಾಸಿಸ್ಟ್. ಗುಳ್ಳೆ ಒಂದಲ್ಲ, ಹಲವು ಇವೆ ಎಂದು ನೀವು ಹೇಳಿರುವುದರಿಂದ ಆ ಮುಲಾಮನ್ನು ಇವತ್ತೇ ನಿಲ್ಲಿಸಿ ಎಂದು ಕೇಳಿಕೊಳ್ಳುತ್ತೇನೆ. ಇಂಥ ಎಷ್ಟೋ ಮುಲಾಮುಗಳಲ್ಲಿ ಮರಗಟ್ಟಿಸುವ ಔಷಧದ ಜೊತೆಗೆ ಊತ, ಉರಿ ತಗ್ಗಿಸುವ ಸ್ಟೀರಾಯ್ಡ್ ಇರುತ್ತದೆ. ಹುಣ್ಣು ವೈರಸ್ಸಿನಿಂದ ಆಗಿದ್ದರೆ ಸ್ಟೀರಾಯ್ಡ್ ಅದನ್ನು ಉಲ್ಬಣಗೊಳಿಸಬಹುದು, ವೈದ್ಯರಿಗೆ ಗುರುತು ಸಿಗದಂತೆಯೂ ಮಾಡಬಹುದು.

ಮೂಲವ್ಯಾಧಿ ಎಂದರೆ ಗುದದ ರಕ್ತನಾಳಗಳು ಉಬ್ಬಿಕೊಳ್ಳುವುದು. ಒಳಗಿನದಾದರೆ ಸಾಮಾನ್ಯವಾಗಿ ನೋವಿರುವುದಿಲ್ಲ, ಮಲವಿಸರ್ಜನೆಯ ಹೊತ್ತಿಗೆ ಕೆಂಪು ರಕ್ತ ತೊಟ್ಟಿಕ್ಕುತ್ತದೆ. ಹೊರಗಿನದರಲ್ಲಿ ರಕ್ತ ಹೆಪ್ಪುಗಟ್ಟಿದರೆ ಇದ್ದಕ್ಕಿದ್ದಂತೆ ದ್ರಾಕ್ಷಿಯಷ್ಟು ದಪ್ಪದ, ಗಟ್ಟಿಯಾದ, ನೀಲಿ ಛಾಯೆಯ ಗಂಟೊಂದು ಏಳುತ್ತದೆ. ಮೊದಲ ಎರಡು ಮೂರು ದಿನ ಕೂರಲಾರದಷ್ಟು ನೋಯಿಸಿ ಆಮೇಲೆ ಇಳಿಯುತ್ತ ಹೋಗುತ್ತದೆ. ಕಬ್ಬಿನ ಹಂಗಾಮಿನಲ್ಲಿ ಹೊರೆ ಎತ್ತುವವರು, ದಿನವಿಡೀ ಟ್ರ್ಯಾಕ್ಟರ್ ಮೇಲೆ ಕೂತು ನೀರು ಕುಡಿಯಲು ಮರೆಯುವವರು ಈ ನೋವು ಹೇಳಿಕೊಂಡು ನಮ್ಮ ಅಂಗಡಿಗೆ ಬರುತ್ತಾರೆ. ಉಳಿದ ಗಿರಾಕಿಗಳೆಲ್ಲ ಹೋಗುವವರೆಗೆ ಬದಿಗೆ ನಿಂತು, ಹಳೆಯ ಟ್ಯೂಬನ್ನು ಮುಷ್ಟಿಯೊಳಗೇ ತೋರಿಸಿ, ಇಂಥದ್ದೇ ಕೊಡಿ ಎನ್ನುತ್ತಾರೆ. ಆ ಸಂಕೋಚ ನನಗೆ ಅರ್ಥವಾಗುತ್ತದೆ, ಆದರೆ ಅದರಿಂದಾಗಿಯೇ ಬೇರೆ ಕಾಯಿಲೆಗಳೂ ಮೂಲವ್ಯಾಧಿಯ ಲೆಕ್ಕಕ್ಕೆ ಸೇರಿಬಿಡುತ್ತವೆ.

ಹರ್ಪಿಸ್‌ನ ನಡೆ ಬೇರೆ. ಇದು ಈ ಜಾಗದಲ್ಲಿ ಸಾಮಾನ್ಯವಾಗಿ ಲೈಂಗಿಕ ಸಂಪರ್ಕದಿಂದ ತಗುಲುವ ವೈರಸ್ ಸೋಂಕು. ಮೊದಲು ಆ ಜಾಗ ಜುಮ್ಮೆನ್ನುತ್ತದೆ ಇಲ್ಲವೇ ಉರಿಯುತ್ತದೆ; ಬಳಿಕ ಕೆಂಪಾದ ಚರ್ಮದ ಮೇಲೆ ಗುಂಡುಸೂಜಿಯ ತಲೆಯಷ್ಟು ಚಿಕ್ಕ ನೀರುಗುಳ್ಳೆಗಳು ಗುಂಪಾಗಿ ಏಳುತ್ತವೆ, ಕೆಲವೇ ದಿನಗಳಲ್ಲಿ ಒಡೆದು ಮೇಲ್ಮೇಲಿನ ಹುಣ್ಣುಗಳಾಗುತ್ತವೆ. ಮೊದಲ ಸಲ ಜ್ವರ, ಮೈಕೈ ನೋವು, ತೊಡೆಸಂದಿಯಲ್ಲಿ ಗಡ್ಡೆ ಕಾಣಿಸಿಕೊಳ್ಳಬಹುದು, ಪೂರ್ತಿ ಮಾಯಲು 2ರಿಂದ 4 ವಾರ ಹಿಡಿಯಬಹುದು. ವೈರಸ್ ನರದಲ್ಲಿ ಉಳಿದುಕೊಳ್ಳುವುದರಿಂದ ಮತ್ತೆ ಅದೇ ಆಸುಪಾಸಿನಲ್ಲಿ, ಸಾಮಾನ್ಯವಾಗಿ ಸೌಮ್ಯವಾಗಿ, ಮರುಕಳಿಸಬಹುದು. ಸೋಂಕು ತಗುಲಿದ 2ರಿಂದ 12 ದಿನಗಳೊಳಗೆ ಲಕ್ಷಣ ಕಾಣಿಸಬಹುದಾದರೂ ಅನೇಕರಿಗೆ ವರ್ಷಗಟ್ಟಲೆ ಏನೂ ಗೊತ್ತಾಗುವುದಿಲ್ಲ. ಆದ್ದರಿಂದ ಗುಳ್ಳೆ ಎದ್ದ ಮಾತ್ರಕ್ಕೆ ಹೆಂಡತಿಯನ್ನೋ ಗಂಡನನ್ನೋ ಅನುಮಾನಿಸಿ ಮನೆ ಕೆಡಿಸಿಕೊಳ್ಳಬೇಡಿ.

ಇವೆರಡೇ ಅಲ್ಲದೆ, ಮಲವಿಸರ್ಜನೆ ಮಾಡುವಾಗ ಗಾಜಿನಿಂದ ಕೊಯ್ದಂತಾಗುವ ಬಿರುಕನ್ನೂ ಜನ ಮೂಲವ್ಯಾಧಿ ಎಂದೇ ಕರೆಯುತ್ತಾರೆ. ನೋವಿಲ್ಲದ ಒಂಟಿ ಹುಣ್ಣು ಸಿಫಿಲಿಸ್ ಎಂಬ ಇನ್ನೊಂದು ಲೈಂಗಿಕ ಸೋಂಕು ಇರಬಹುದು. ಆದ್ದರಿಂದ ಕನ್ನಡಿ ಹಿಡಿದು ನೀವೇ ತೀರ್ಮಾನಿಸುವುದು ಬೇಡ.

ತಡಮಾಡದೆ ವೈದ್ಯರ ಬಳಿ ಹೋಗಬೇಕು ಎನ್ನುವುದಕ್ಕೆ ಕಾರಣವಿದೆ. ಹರ್ಪಿಸ್ ಪತ್ತೆಗೆ ಹಸಿ ಗುಳ್ಳೆಯ ದ್ರವದಿಂದ ಮಾಡುವ, ವೈರಸ್ಸಿನ ಡಿಎನ್ಎ ಹುಡುಕುವ ಪಿಸಿಆರ್ ಪರೀಕ್ಷೆಯೇ ಹೆಚ್ಚು ನಂಬಿಕೆಗೆ ಅರ್ಹವಾದದ್ದು. ಹುಣ್ಣು ಒಣಗಿದ ಮೇಲೆ ವೈರಸ್ ಸಿಗುವುದು ಕಷ್ಟ. ಹರ್ಪಿಸ್ ವೈರಸ್ಸನ್ನು ಹತ್ತಿಕ್ಕುವ ಅಸೈಕ್ಲೋವಿರ್ ಮಾತ್ರೆಯೂ ಬೇಗ ಶುರುಮಾಡಿದಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಅದನ್ನು ವೈದ್ಯರ ಚೀಟಿಯಿಲ್ಲದೆ ಅಂಗಡಿಯಲ್ಲಿ ಕೇಳಬೇಡಿ. ಲೈಂಗಿಕ ಸೋಂಕುಗಳಿಗಾಗಿಯೇ ಸರ್ಕಾರಿ ಜಿಲ್ಲಾ ಆಸ್ಪತ್ರೆಗಳಲ್ಲಿ ಸುರಕ್ಷಾ ಕ್ಲಿನಿಕ್ ಎಂಬ ವಿಭಾಗವಿದೆ. ಅಲ್ಲಿ ಆಪ್ತಸಮಾಲೋಚನೆಯೂ ಔಷಧವೂ ಉಚಿತ. ಹೊರರೋಗಿ ಚೀಟಿ ಮಾಡಿಸುವಾಗ ಚರ್ಮರೋಗ ವಿಭಾಗ ಎಂದಷ್ಟೇ ಹೇಳಿದರೂ ಸಾಕು, ಕೌಂಟರಿನಲ್ಲಿ ಕಾಯಿಲೆ ವಿವರಿಸಬೇಕಾಗಿಲ್ಲ. ಸಿಫಿಲಿಸ್ ಮತ್ತು ಎಚ್‌ಐವಿ ಪರೀಕ್ಷೆಗಳನ್ನೂ ಅದೇ ದಿನ ಮಾಡಿಸಿಕೊಳ್ಳಿ. ಫಲಿತಾಂಶ ಬರುವವರೆಗೆ ಲೈಂಗಿಕ ಸಂಪರ್ಕ ಬೇಡ. ಕಾಂಡೋಮ್ ಅಪಾಯವನ್ನು ತಗ್ಗಿಸುತ್ತದೆಯೇ ಹೊರತು ಅದು ಮುಚ್ಚದ ಚರ್ಮವನ್ನು ಕಾಯುವುದಿಲ್ಲ.

ಮೂಲವ್ಯಾಧಿ ಇಂಜೆಕ್ಷನ್ನಿನಿಂದ ಗ್ಯಾರಂಟಿ ಗುಣ ಎಂದು ಬೋರ್ಡು ಹಾಕಿಕೊಂಡ ಪದವಿಯಿಲ್ಲದವರ ಬಳಿ ದಯವಿಟ್ಟು ಹೋಗಬೇಡಿ. ಅವರು ಚುಚ್ಚುವ ಔಷಧದಿಂದ ಗುದದ್ವಾರ ಸುಟ್ಟು ಕಿರಿದಾಗಬಹುದು. ಮೂತ್ರ ಕಟ್ಟಿದರೆ, ಜ್ವರ ಏರಿದರೆ, ರಕ್ತ ನಿಲ್ಲದಿದ್ದರೆ ಹೊರರೋಗಿ ವಿಭಾಗ ತೆರೆಯುವವರೆಗೆ ಕಾಯದೆ ರಾತ್ರಿಯೇ ತುರ್ತು ವಿಭಾಗಕ್ಕೆ ಹೋಗಿ.